ಉಪ್ಪು ಬಿದ್ದ ಬಿಲ್ಲೆಗಳು

ಅಕ್ಟೋಬರ್ 3, ಗುರುವಾರ

…ಅಲ್ಲ, ನಿನ್ನೆ ಬರೆದದ್ದು ತಪ್ಪು. ಕೈಕೊಡುವ ಬಣ್ಣ ಕೆಂಪಲ್ಲ, ಕಪ್ಪು. ಶಾಖ ತಾಗಿದ ಕೂಡಲೇ ಕಂದಾಗುತ್ತದೆ, ಹಳೆಯ ಶೂ ಪಾಲಿಶಿನ ಹಾಗೆ. ಬೆಳಗ್ಗಿನಿಂದ ಅದೇ ಕೆಲಸ — ಪೇಪರಿನ ಮೇಲೆ ಉಲ್ಟಾ ಪ್ರಿಂಟ್ ತೆಗೆ, ಬಿಳಿ ಬಿಲ್ಲೆಗೆ ಅಂಟಿಸು, ಹೀಟ್ ಪ್ರೆಸ್ ಮುಚ್ಚು, ಅದು ಕೂಗಿದಾಗ ತೆರೆ, ಬೈದುಕೊ. ಮಧ್ಯಾಹ್ನದ ಹೊತ್ತಿಗೆ ಕಪ್ಪು ಸರಿ ಬಂತು. ಆಗ ಕೆಂಪು ಕೆಟ್ಟಿತು. ಹಾಗಾದರೆ ನಿನ್ನೆ ಬರೆದದ್ದೂ ಪೂರ್ತಿ ತಪ್ಪಲ್ಲ.

ನಗು ಬರುತ್ತದೆ. ಗಲ್ಫಿಗೆ ಬಂದು ಸೆಗಯಾದ ಈ ಗಲ್ಲಿಯಲ್ಲಿ ಇಷ್ಟು ವರ್ಷ ಶಾಲೆಯ ಟ್ರೋಫಿ, ಡಾಕ್ಟರರ ನೇಮ್ ಪ್ಲೇಟ್, ಬರ್ತ್‌ಡೇ ಮಗ್ಗು ಮಾಡಿದ ಈ ರೊಕಿ, ಅಂದರೆ ನಾನು, ಈಗ ಪೋಕರ್ ಚಿಪ್ಸ್ — ಇಸ್ಪೀಟಿನಲ್ಲಿ ಪಣಕ್ಕಿಡುವ ಬಿಲ್ಲೆ — ಮಾಡುವವ. ಇಸ್ಪೀಟಿನಲ್ಲಿ ನನಗೆ ಬರುವುದು ಕತ್ತೆ ಆಟ ಒಂದೇ. ಹೆಂಡತಿ ಪೆಟ್ರೊನಿಲ್ಲಾ ಇದ್ದಾಗ ಅದರಲ್ಲೂ ಹೆಚ್ಚಿನ ಸಲ ಕತ್ತೆ ನಾನೇ.

ಆದರೆ ಟ್ರೋಫಿ ಈಗ ಯಾರಿಗೆ ಬೇಕು? ಶಾಲೆಗಳು ಆನ್‌ಲೈನಿನಲ್ಲಿ ತರಿಸುತ್ತವೆ. ಮೊನ್ನೆ ಅರಬಾಬ್ ಬಂದಿದ್ದರು — ಶಾಪಿನ ಕಾಗದದಲ್ಲಿ ಹೆಸರಿರುವ ಇಲ್ಲಿನ ಪಾರ್ಟ್ನರ್. ಒಳ್ಳೆಯ ಮನುಷ್ಯ. ಯಾವಾಗಲೂ ಚಹಾ ಕುಡಿದು, ಮಗಳ ಕ್ಷೇಮ ಕೇಳಿ ಹೋಗುವವರು. ಈ ಸಲ ಚಹಾ ಮುಟ್ಟಲಿಲ್ಲ. "ರೊಕಿ ಭಾಯ್, ಖಾಲಿ ದುಕಾನಿಗೆ ನಾನು ಎಷ್ಟು ವರ್ಷ ಸಹಿ ಹಾಕುವುದು? ಡಿಸೆಂಬರ್ ತನಕ ನೋಡುವೆ. ಕೆಲಸ ಬಂದರೆ ಬಂತು. ಇಲ್ಲದಿದ್ದರೆ ಖಲಾಸ್, ಊರಿಗೆ ಹೋಗಿ ಆರಾಮ ಮಾಡು" ಎಂದು ಹಿಂದಿಯಲ್ಲಿ ಮೆಲ್ಲಗೆ ಹೇಳಿದರು. ಬೈದಿದ್ದರೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ.

ಶಾಪ್ ಇದ್ದರೆ ವೀಸಾ. ವೀಸಾ ಇದ್ದರೆ ನಾನಿಲ್ಲಿ. ನಾನಿಲ್ಲಿದ್ದರೆ ಶುಕ್ರವಾರ ಇಗರ್ಜಿಯ ಪೂಜೆ ಮುಗಿಸಿ ಸಿಮಿತ್ರಿಗೆ ಹೋಗಿ ಪೆಟ್ರೊನಿಲ್ಲಾಳ ಸಮಾಧಿಗೆ ಒಂದು ಕ್ಯಾಂಡಲ್. ಕೊರೊನಾ ವರ್ಷದಲ್ಲಿ ತೀರಿಕೊಂಡವಳು. ಊರಿಗೆ ಕೊಂಡುಹೋಗಲು ಬಿಡಲಿಲ್ಲ, ಇಲ್ಲಿನ ಮರಳಿನಲ್ಲೇ ಮಲಗಿಸಿದೆವು. ಅವಳನ್ನು ಇಲ್ಲಿ ಬಿಟ್ಟು ನಾನೊಬ್ಬ ವಿಮಾನ ಹತ್ತುವುದು… ಇಲ್ಲ, ಅದನ್ನು ಬರೆಯುವುದಿಲ್ಲ. ಬರೆದರೆ ನಿದ್ದೆ ಬರುವುದಿಲ್ಲ.

ಅಕ್ಟೋಬರ್ 6, ಭಾನುವಾರ

ಸುಧೀಂದ್ರ ಬಂದಿದ್ದ. ಬೆಂಗಳೂರಿನವ, ಬ್ಯಾಂಕಿನಲ್ಲಿ ದೊಡ್ಡ ಕೆಲಸ, ಸನದ್‌ನಲ್ಲಿ ವಿಲ್ಲಾ. ನನಗೆ ಈ ಚಿಪ್ಸಿನ ಹುಚ್ಚು ಹತ್ತಿಸಿದ್ದೇ ಅವನು. ಮನೆಯಲ್ಲಿ ಗೆಳೆಯರ ಜೊತೆ ಆಡಲು ಒಂದು ಸೆಟ್ ಮಾಡಿಸಿದ, ಅದರ ಫೋಟೋ ವಾಟ್ಸಾಪಿನಲ್ಲಿ ಎಲ್ಲೆಲ್ಲೋ ಹೋಯಿತು, ಒಬ್ಬರ ಹಿಂದೆ ಒಬ್ಬರು ಬಂದರು. ಒಬ್ಬನಿಗೆ ನಾಯಿಯ ಮುಖ ಬೇಕು, ಒಬ್ಬನಿಗೆ ಹೆಂಡತಿಯ ಮುಖ. "ಅವಳದ್ದು ಎಲ್ಲಕ್ಕಿಂತ ದೊಡ್ಡ ನಂಬರಿನ ಚಿಪ್ಪಿಗೇ ಹಾಕಿ ಅಂಕಲ್, ಇಲ್ಲಾಂದ್ರೆ ಮನೆ ಒಳಗೆ ಬಿಡಲ್ಲ."

ಇವತ್ತು ಸುಧೀಂದ್ರ ತಂದ ಸುದ್ದಿ ದೊಡ್ಡದು. ಅವನ ಗೆಳೆಯ ಅಭಿನಂದನ್ ಎಂಬವನಿಗೆ ಐರ್ಲೆಂಡಿನಲ್ಲಿ ಆಟದ ಸಾಮಾನಿನ ಅಂಗಡಿ ಉಂಟು. ಗಿರಾಕಿಯ ಹೆಸರು, ಚಿತ್ರ ಹಾಕಿದ ಸೆಟ್ ಮಾರುತ್ತಾನಂತೆ. ಮೊದಲು ಒಂದು ಟ್ರಯಲ್ ಆರ್ಡರ್.

"ಹಿಡಿಸಿದರೆ ಪ್ರತಿ ತಿಂಗಳು ಅಂಕಲ್. ರೆಗ್ಯುಲರ್. ನಿಮ್ಮ ಅರಬಾಬ್ ಡ್ಯಾನ್ಸ್ ಮಾಡ್ತಾರೆ ನೋಡಿ."

"ಜೂಜಿಗಲ್ಲ ತಾನೇ? ಈ ದೇಶದಲ್ಲಿ ಅದೆಲ್ಲ…"

"ನಮ್ಮನೇಲಿ ಸೋತವನು ಪಾತ್ರೆ ತೊಳೀಬೇಕು. ಅಷ್ಟೇ ನಮ್ಮ ಜೂಜು. ಹೋದ ವಾರ ನಾನೇ ತೊಳೆದೆ, ಬಿರಿಯಾನಿ ಹಂಡೆ ಸಮೇತ. ಟೆನ್ಷನ್ ತಗೋಬೇಡಿ."

ಅವನಿಗೆ ಹೇಳುವುದು ಸುಲಭ. ಕಾಲೇಜಿನಲ್ಲಿ ಈ ಹೆದರಿಕೆಗೆ ಒಂದು ಇಂಗ್ಲಿಷ್ ಶಬ್ದ ಕಲಿಸಿದ್ದರು — ಆಪ್ರಿಹೆನ್ಶನ್? ಕಾಂಪ್ರಿಹೆನ್ಶನ್? ಒಂದು ಹೊಟ್ಟೆಯೊಳಗೆ ಆಗುವುದು, ಇನ್ನೊಂದರಲ್ಲಿ ನಾನು ಎರಡು ಸಲ ಫೇಲ್. ಯಾವುದು ಯಾವುದೆಂದು ಈಗ ನೆನಪಿಲ್ಲ.

ಚಿಪ್ಪಿನ ಮೇಲೆ ದಿನಾರ್, ಡಾಲರ್ ಎಂದು ಹಾಕುವುದಿಲ್ಲ, ಬರೀ ನಂಬರ್ — ಇದು ನನ್ನ ಕಂಡೀಶನ್. ಒಪ್ಪಿದ. ಇಷ್ಟು ಬೇಗ ಒಪ್ಪಿದ್ದೇಕೆ ಎಂದು ಈಗ ಯೋಚನೆ.

ಅಕ್ಟೋಬರ್ 9, ಬುಧವಾರ

ಇವತ್ತು ಬಾಗಿಲಿಗೆ ಚಿಲಕ ಹಾಕಿ ಬರೆಯುತ್ತಾ ಇದ್ದೇನೆ.

ಊಟದ ಹೊತ್ತು. ಉದ್ದ ಬಿಳಿ ತೋಬು ತೊಟ್ಟ ಅರಬರೊಬ್ಬರು ಒಳಗೆ ಬಂದರು. ಕೈಯಲ್ಲಿ ಫೈಲ್. ಮೇಜಿನ ಮೇಲೆ ಚಿಪ್ಸು ಸಾಲಾಗಿ ಆರಲು ಇಟ್ಟದ್ದು. ಮುಗಿಯಿತು, ಇನ್‌ಸ್ಪೆಕ್ಷನ್, ಎಂದುಕೊಂಡೆ. ಕೈಗೆ ಸಿಕ್ಕಿದ್ದು ಊಟಕ್ಕೆ ತಂದ ಖುಬ್ಬೂಸಿನ ಪೊಟ್ಟಣ. ಬಿಚ್ಚಿ ಅಷ್ಟೂ ರೊಟ್ಟಿಯನ್ನು ಚಿಪ್ಸಿನ ಮೇಲೆ ಹರಡಿದೆ, ಹಾಸಿಗೆಗೆ ಚಾದರ ಹಾಸಿದ ಹಾಗೆ.

ಅವರು ನೋಡಿದರು. "ತಫದ್ದಲ್, ಊಟ ಮಾಡಿ. ನಾನು ಕಾಯುತ್ತೇನೆ" ಎಂದು ಕುರ್ಚಿ ಎಳೆದು ಕುಳಿತೇಬಿಟ್ಟರು.

ಏನು ಮಾಡುವುದು? ತಿನ್ನದಿದ್ದರೆ ಅನುಮಾನ. ತಿಂದರೆ ಚಿಪ್ಸು ಕಾಣುತ್ತದೆ. ಅಂಚಿನಿಂದ ಚೂರು ಚೂರೇ ಕಿತ್ತು ಬಾಯಿಗೆ ಹಾಕುತ್ತಾ, ಇನ್ನೊಂದು ಕೈಯಲ್ಲಿ ಉಳಿದ ರೊಟ್ಟಿ ಎಳೆದು ಮುಚ್ಚುತ್ತಾ… ಪಲ್ಯವೂ ಇಲ್ಲದೆ. ಕೊನೆಗೆ ಅವರಿಗೆ ಪಾಪ ಅನಿಸಿರಬೇಕು, ಎದ್ದು ಬಂದು ಫೈಲ್ ತೆರೆದರು. ಬೇಕಾಗಿದ್ದದ್ದು ಪಾಸ್‌ಪೋರ್ಟಿನ ಫೋಟೋಕಾಪಿ.

ಸಂಜೆ ಡೆನ್ನಿಸನಿಗೆ ಹೇಳಿದೆ. ಡೆನ್ನಿಸ್ ಮೇಲಿನ ಫ್ಲ್ಯಾಟಿನವ, ಕುಲಶೇಖರದವನು, ಎರಡು ಮಕ್ಕಳ ಅಪ್ಪ, ನನ್ನನ್ನು ಬಾಪ್ಪು, ಅಂದರೆ ಚಿಕ್ಕಪ್ಪ, ಎಂದು ಕರೆಯುವವ. ಹಿದ್‌ನ ಬಂದರಿನ ಹತ್ತಿರ ಕ್ಲಿಯರಿಂಗ್ ಆಫೀಸಿನಲ್ಲಿ ಕೆಲಸ. ಡ್ಯೂಟಿ ಮುಗಿಸಿ ಬಂದು ಚಿಪ್ಸು ಒರೆಸಿ, ಜೋಡಿಸಿ, ಪ್ಯಾಕ್ ಮಾಡಿಕೊಡುತ್ತಾನೆ. ನೆಲಕ್ಕೆ ಕುಳಿತು ನಕ್ಕ. "ಬಾಪ್ಪು, ನಾಳೆ ನಿಜವಾದ ಇನ್‌ಸ್ಪೆಕ್ಟರ್ ಬಂದರೆ ಎರಡು ಚಿಪ್ಸಿನ ನಡುವೆ ಜಾಮ್ ಹಚ್ಚಿ ಕೊಡಿ ಮಾರಾಯ್ರೆ, ಬಿಸ್ಕೆಟ್ ಅಂತ ತಿಂದು ಹೋಗಲಿ."

ಅವನ ವೀಸಾಕ್ಕೆ ಸಹಿ ಹಾಕುವ ಕಫೀಲ್ ದೊಡ್ಡ ಕಂಪೆನಿ. ಅವನಿಗೆ ನಗು ಬರುತ್ತದೆ.

ಅಕ್ಟೋಬರ್ 13, ಭಾನುವಾರ

ಜೋಯ್ಲಿನ್ ಫೋನ್. ಮಂಗಳೂರಿನಲ್ಲಿ ಟೀಚರ್, ನನಗೆ ಒಬ್ಬಳೇ ಮಗಳು. ಫೆಬ್ರವರಿಯಲ್ಲಿ ಹೆರಿಗೆ. ಅಳಿಯ ಕೀತ್ ಹಡಗಿನಲ್ಲಿ, ಅರ್ಧ ವರ್ಷ ನೀರಿನ ಮೇಲೆ.

"ಪಪ್ಪಾ, ಕೆಳಗಿನ ಕೋಣೆಗೆ ಬಣ್ಣ ಹಚ್ಚಿಸಿದೆ. ಬಾತ್‌ರೂಮಿನಲ್ಲಿ ಹಿಡಿದುಕೊಳ್ಳಲಿಕ್ಕೆ ಸ್ಟೀಲಿನ ರಾಡ್ ಹಾಕಿಸಿದೆ."

"ಯಾರಿಗೆ?"

"ಪೋಪರಿಗೆ. ಎಂತ ಕೇಳುವುದು ನೀವು? ಡಿಸೆಂಬರಿನಲ್ಲಿ ಬರುತ್ತೀರಲ್ಲ?"

ಐರ್ಲೆಂಡಿನ ಆರ್ಡರಿನ ಬಗ್ಗೆ ಹೇಳಿದೆ. ಅದು ಕೈಗೂಡಿದರೆ ಅರಬಾಬ್ ಸಹಿ ಹಾಕುತ್ತಾರೆ, ವೀಸಾ ಉಳಿಯುತ್ತದೆ, ಮಮ್ಮಿಯನ್ನು ಬಿಟ್ಟು ಬರುವ ಪ್ರಶ್ನೆಯೇ ಇಲ್ಲ ಎಂದೆ. ಸಂತೋಷದಿಂದಲೇ ಹೇಳಿದೆ. ಆ ಕಡೆ ಕುಕ್ಕರ್ ಕೂಗಿತು. "ಆಯ್ತು ಪಪ್ಪಾ, ಇಡುತ್ತೇನೆ" ಅಂದಳು.

ಖಾಲಿ ಬಿಲ್ಲೆಗಳ ಪೆಟ್ಟಿಗೆ ನಾಳೆ ಬರುತ್ತದೆ. ದೊಡ್ಡ ಪ್ರೆಸ್ಸು ಬಂದಾಗಿದೆ, ಸೆಕೆಂಡ್ ಹ್ಯಾಂಡ್. ರಾತ್ರಿಯೆಲ್ಲ ಅದರ ವೈರ್ ಸುಟ್ಟ ವಾಸನೆ ಬಂದಂತೆ. ಎದ್ದು ಹೋಗಿ ನೋಡಿದರೆ ಪ್ಲಗ್ಗೇ ಹಾಕಿಲ್ಲ.

ಅಕ್ಟೋಬರ್ 18, ಶುಕ್ರವಾರ

ಹೊಸ ಪ್ರೆಸ್ಸಿಗೆ ಇವತ್ತು ಆಶೀರ್ವಾದ ಆಯಿತು. ನಮ್ಮಲ್ಲಿ ಬಾವಿ ತೋಡಿದರೂ, ಸ್ಕೂಟರ್ ತೆಗೆದರೂ ಫಾದರ್ ಬಂದು ಪವಿತ್ರ ಜಲ ಚಿಮುಕಿಸದೆ ಯಾರೂ ಕೈ ಹಚ್ಚುವುದಿಲ್ಲ. ಫಾದರ್ ಕೆನೆತ್ ಇಲ್ಲಿನ ಇಗರ್ಜಿಗೆ ಹೊಸಬರು, ಬೆಳ್ತಂಗಡಿ ಕಡೆಯವರು, ಕಟ್ಟುಮಸ್ತು ಆಳು. ಹಳೆಯ ಕ್ರಮದ ಹಾಗೆ ಆಶೀರ್ವದಿಸಿದ ಉಪ್ಪು ಬೆರೆಸಿದ ನೀರು ತಂದಿದ್ದರು. ದೊಡ್ಡ ಬಾಟ್ಲಿ.

ಪ್ಲಾಸ್ಟಿಕ್ ಕವರ್ ಇದ್ದರೆ ಆಶೀರ್ವಾದ ಒಳಗೆ ಹೋಗುವುದು ಹೇಗೆ? ನಾನೇ ಎಲ್ಲ ಪೆಟ್ಟಿಗೆ ಒಡೆದು, ಕವರ್ ಹರಿದು, ಬಿಳಿ ಬಿಲ್ಲೆಗಳನ್ನು ಟ್ರೇಗಳಲ್ಲಿ ಹರಡಿ ನೆಲದ ತುಂಬ ಇಟ್ಟೆ. ಫಾದರಿಗೆ ಕಾಲಿಡಲು ಜಾಗ ಇಲ್ಲ.

"ಇದೆಲ್ಲ ಎಂತ ರೊಕಿ ಬಾಬ್?"

"ಟೋಕನ್ ಫಾದರ್. ಆಟದ ಟೋಕನ್."

"ಓ, ಇಗರ್ಜಿ ಫೆಸ್ತಿನ ಹೌಸಿ ಆಟಕ್ಕಾ?"

"…ಅದೇ ನಮೂನೆಯದ್ದು ಒಂದು."

ಡೆನ್ನಿಸ್ ಹಿಂದಿನಿಂದ ಕೆಮ್ಮಿದ. ಹಾಫ್ ಟ್ರೂತ್ ಎನ್ನುತ್ತಾರೆ ಇಂಗ್ಲಿಷಿನಲ್ಲಿ, ಉಳಿದ ಹಾಫಿಗೆ ಏನೆನ್ನುತ್ತಾರೋ. ಫಾದರ್ ತೋಳು ಬೀಸಿ ಬೀಸಿ ಚಿಮುಕಿಸಿದರು. ಡೆನ್ನಿಸನ ಕನ್ನಡಕ ಒದ್ದೆ, ಗೋಡೆಯ ಕ್ಯಾಲೆಂಡರ್ ಒದ್ದೆ, ಒಂದು ಟ್ರೇಯನ್ನೂ ಬಿಡಲಿಲ್ಲ. ಬಹಳ ದಿನದ ನಂತರ ಮನಸ್ಸು ಹಗುರ.

ಅಕ್ಟೋಬರ್ 21, ಸೋಮವಾರ

ಚುಕ್ಕೆ. ಬಿಳಿ ಚುಕ್ಕೆ. ಪ್ರೆಸ್ಸಿನಿಂದ ತೆಗೆದ ಪ್ರತಿಯೊಂದರ ಮೇಲೂ, ಸಿಡುಬು ಬಂದವರ ಮುಖದ ಹಾಗೆ. ಬಣ್ಣ ಅಲ್ಲಲ್ಲಿ ಹಿಡಿಯುವುದೇ ಇಲ್ಲ.

ಪೇಪರ್ ಬದಲಿಸಿದೆ. ಚುಕ್ಕೆ. ಶಾಖ ಹೆಚ್ಚಿಸಿದೆ. ಚುಕ್ಕೆ.

ಅಕ್ಟೋಬರ್ 22, ಮಂಗಳವಾರ

ಇಂಕ್ ಬದಲಿಸಿದೆ. ಎಸಿ ಇಡೀ ದಿನ ಹಾಕಿಟ್ಟೆ, ಹವೆಯ ತೇವ ಇರಬಹುದೆಂದು. ಚುಕ್ಕೆ. ಸುಧೀಂದ್ರನ ಫೋನ್ — ಈ ತಿಂಗಳ ಕೊನೆಗೆ ಕೊರಿಯರ್ ಹೊರಡಲೇಬೇಕು, ಅಲ್ಲಿ ಕ್ರಿಸ್‌ಮಸ್ ವ್ಯಾಪಾರ ಶುರುವಾಗುತ್ತದಂತೆ. "ಎಲ್ಲಾ ಸ್ಮೂತ್ ತಾನೇ ಅಂಕಲ್?" ಸ್ಮೂತ್ ಎಂದೆ. ಕೈಯಲ್ಲಿ ಹಿಡಿದ ಚಿಪ್ಪನ್ನು ಬೆರಳಿನಿಂದ ಸವರಿದರೆ ಸ್ಮೂತೇ. ಕಣ್ಣಿನಿಂದ ನೋಡಿದರೆ ಮಾತ್ರ.

ಊಟ ಸೇರಲಿಲ್ಲ. ಸೂಟ್‌ಕೇಸ್ ಅಟ್ಟದ ಮೇಲೆ ಉಂಟು. ಸುಮ್ಮನೆ ಅದರ ಕಡೆ ಕಣ್ಣು ಹೋಗುತ್ತದೆ.

ಅಕ್ಟೋಬರ್ 23, ಬುಧವಾರ

ಸಿಕ್ಕಿತು!

ಟ್ರೇಯ ಬಿಲ್ಲೆ ಮುಟ್ಟಿದ ಕೈಯಲ್ಲೇ ಪೇಪರ್ ಬಿಡಿಸಲು ಹೆಬ್ಬೆರಳು ನಾಲಿಗೆಗೆ ಹಚ್ಚಿದೆ, ನೋಟು ಎಣಿಸುವವರ ಹಾಗೆ. ಉಪ್ಪು. ಬೆವರು ಎಂದುಕೊಂಡೆ. ಕೈ ತೊಳೆದು ಬಂದು ಒಂದು ಬಿಲ್ಲೆಯನ್ನೇ ನೆಕ್ಕಿದೆ. ಉಪ್ಪು. ಇನ್ನೊಂದು ಟ್ರೇ. ಉಪ್ಪು. ಫಾದರ್ ಕೆನೆತರ ನೀರು ಒಣಗಿ ಉಪ್ಪು ಕೂತದ್ದು. ಅದರ ಮೇಲೆ ಬಣ್ಣ ಹಿಡಿಯುವುದು ಹೇಗೆ? ಕವರ್ ಹರಿದವ ಯಾರು? ನಾನೇ. ಆಶೀರ್ವಾದ ಒಳಗೆ ಹೋಗಲಿ ಎಂದವ ಯಾರು? ನಾನೇ.

ಮೂರನೆಯ ಟ್ರೇ ನೆಕ್ಕುವಾಗ ಡೆನ್ನಿಸ್ ಬಾಗಿಲಲ್ಲಿ. "ಬಾಪ್ಪು, ಹಸಿವಾದರೆ ಹೇಳುವುದಲ್ವಾ, ಮೇಲೆ ನೀರುದೋಸೆ ಉಂಟು."

ವಿಷಯ ಹೇಳಿದೆ. "ಅಷ್ಟೇನಾ? ಪ್ರೆಸ್ ಮಾಡಿದ್ದು ಹೋಯಿತು. ಉಳಿದದ್ದನ್ನು ತೊಳೆದು ಒಣಗಿಸಿದರೆ ಆಯಿತು."

ತೊಳೆದರೆ ಆಯಿತು. ಆದರೆ ಆ ನೀರು? ಪವಿತ್ರ ಜಲವನ್ನು ಗಟಾರಕ್ಕೆ ಬಿಡಬಾರದು, ಮಣ್ಣಿಗೆ ಹಾಕಬೇಕು. ನನ್ನ ಅಮ್ಮ ತೆಂಗಿನ ಬುಡಕ್ಕೆ ಹಾಕುತ್ತಿದ್ದಳು. ಸೆಗಯಾದಲ್ಲಿ ಮಣ್ಣೆಲ್ಲಿ? ಗೋಡೆಯಿಂದ ಗೋಡೆಗೆ ಪಾರ್ಕಿಂಗ್. ಡೆನ್ನಿಸ್ ತಲೆ ಕೆರೆದುಕೊಂಡ. ಸಿಂಕಿಗೆ ಬಿಡಿ ಎಂದು ಹೇಳುತ್ತಾನೆಂದು ನೋಡಿದೆ. ಹೇಳಲಿಲ್ಲ. ಅವನೂ ನಮ್ಮವನೇ. ಮೇಲೆ ಹೋಗಿ ಖಾಲಿ ನೀರಿನ ಕ್ಯಾನುಗಳನ್ನು ತಂದ.

ಅಕ್ಟೋಬರ್ 25, ಶುಕ್ರವಾರ

ಪೂಜೆಯ ನಂತರ ಫಾದರಿಗೆ ಎಲ್ಲ ಹೇಳಿದೆ. ಇಸ್ಪೀಟಿನ ಚಿಪ್ಸ್ ಎಂಬುದನ್ನೂ. ಅವರು ಹಣೆ ಹಿಡಿದುಕೊಂಡರು.

"ನನ್ನ ಕೈ ಜೋರು ರೊಕಿ ಬಾಬ್. ಊರಲ್ಲೂ ಹೇಳುತ್ತಿದ್ದರು, ಫಾದರ್ ಕೆನೆತ್ ಬ್ಲೆಸ್ ಮಾಡಿದ ಕಾರನ್ನು ಆ ವಾರ ತೊಳೆಯುವುದು ಬೇಡ ಅಂತ." ನಂತರ ಸ್ವಲ್ಪ ಗಂಭೀರವಾಗಿ, "ಇಸ್ಪೀಟು ಎಂದು ಹೇಳಿದ್ದರೆ ಬರುತ್ತಿರಲಿಲ್ಲವಾ ನಾನು? ನೀವು ಇಷ್ಟು ಹೆದರುವುದು ಯಾರಿಗೆ?"

ಕ್ಯಾನುಗಳು ಕಾರಿನಲ್ಲಿ ಉಂಟು ಫಾದರ್, ಮಣ್ಣಿಗೆ ಹಾಕಿ ಬರುತ್ತೇನೆ ಎಂದೆ.

ಡೆನ್ನಿಸನ ಕಾರಿನಲ್ಲಿ ಕ್ಯಾನುಗಳನ್ನು ಸಿಮಿತ್ರಿಗೆ ಒಯ್ದೆವು. ಪೆಟ್ರೊನಿಲ್ಲಾಳ ಕಲ್ಲಿನ ಸುತ್ತ ಮರಳಿಗೆ ಸುರಿದೆ. ಬಿಸಿ ಮರಳು, ಸುರಿದ ಕೂಡಲೇ ಕುಡಿಯಿತು. "ಬಾಪ್ಪು, ಇಷ್ಟು ಉಪ್ಪಿನಲ್ಲಿ ಆಂಟಿ ಉಪ್ಪಿನಕಾಯಿ ಹಾಕುತ್ತಿದ್ದರು" ಅಂದ ಡೆನ್ನಿಸ್. ನಕ್ಕೆ. ಅವಳ ಹತ್ತಿರ ನಿಂತು ನಕ್ಕದ್ದು ಇದೇ ಮೊದಲು ಇರಬೇಕು.

ಅಕ್ಟೋಬರ್ 30, ಬುಧವಾರ

ಹೋಯಿತು ಕೊರಿಯರ್. ತೊಳೆದು ಒಣಗಿಸಿದ ಬಿಲ್ಲೆಗಳಲ್ಲಿ ಲೆಕ್ಕಕ್ಕೆ ಸರಿಯಾಗಿ ಬಂತು, ಒಂದೂ ಹೆಚ್ಚಿಲ್ಲ. ಒಂದು ಹಾಳಾಗಿದ್ದರೂ ಸೆಟ್ ಮುರಿಯುತ್ತಿತ್ತು. ಪ್ರತಿ ಸಲ ಪ್ರೆಸ್ ಮುಚ್ಚುವಾಗ ಉಸಿರು ಹಿಡಿದದ್ದಕ್ಕೆ ಈಗ ಪಕ್ಕೆಲುಬು ನೋವು.

ಡೆನ್ನಿಸ್ ಪ್ರೆಸ್ಸಿಗೆ ಕೈ ಜೋಡಿಸಲು ಬಂದಿದ್ದ. ಬೇಡ ಎಂದೆ. ಸ್ವಲ್ಪ ಗಟ್ಟಿಯಾಗಿಯೇ. ಮುಖ ಸಣ್ಣದು ಮಾಡಿಕೊಂಡು ಪ್ಯಾಕಿಂಗಿಗೆ ಹೋದ.

ನವೆಂಬರ್ 2, ಶನಿವಾರ

ಸತ್ತವರ ದಿನ. ಸಿಮಿತ್ರಿಯಲ್ಲಿ ಜನ, ಹೂ, ಕ್ಯಾಂಡಲ್. ಗಾಳಿಗೆ ಅವಳದ್ದು ಆರುತ್ತಲೇ ಇತ್ತು. ಮತ್ತೆ ಹಚ್ಚಿದೆ. ಮತ್ತೆ. ಮುಂದಿನ ವರ್ಷ ನಾನು ಇಲ್ಲದಿದ್ದರೆ ಇದನ್ನು ಹಚ್ಚುವವರು…

ನವೆಂಬರ್ 14, ಗುರುವಾರ

ಐರ್ಲೆಂಡಿನಿಂದ ಸುದ್ದಿ ಇಲ್ಲ. ಪಾರ್ಸೆಲ್ ತಲುಪಿದೆ ಎಂದು ಕಂಪ್ಯೂಟರ್ ಹೇಳುತ್ತದೆ. ನೋ ನ್ಯೂಸ್ ಈಸ್… ಗುಡ್ ನ್ಯೂಸೋ ಬ್ಯಾಡ್ ನ್ಯೂಸೋ? ಪರೀಕ್ಷೆಯಲ್ಲಿ ಬಂದಿತ್ತು. ಆಗಲೂ ತಪ್ಪು ಬರೆದಿದ್ದೆ.

ಅರಬಾಬ್ ಶಾಪಿನ ಎದುರು ಕಾರು ನಿಧಾನ ಮಾಡಿ, ಕೈ ಎತ್ತಿ, ಹೋದರು. ಇಳಿಯಲಿಲ್ಲ.

ನವೆಂಬರ್ 20, ಬುಧವಾರ

ಬಂತು. ಹಿಡಿಸಿತಂತೆ. ಸುಧೀಂದ್ರ ಫೋನಿನಲ್ಲಿ ಕಿರುಚಿದ. "ಪ್ರತಿ ತಿಂಗಳು ಅಂಕಲ್! ಜನವರಿಯಿಂದ. ಒಂದೇ ಮಾತು — ಯಾವ ತಿಂಗಳೂ ತಪ್ಪಬಾರದು, ತಪ್ಪಿದರೆ ಬೇರೆಯವರನ್ನ ನೋಡ್ಕೋತಾನೆ."

ತಪ್ಪುವುದಿಲ್ಲ ಎಂದೆ. ಸಂಜೆ ಅರಬಾಬ್ ಬಂದರು. ಆರ್ಡರ್ ತೋರಿಸಿದೆ. ಒಂದು ಚಿಪ್ಪು ಎತ್ತಿ ಬೆಳಕಿಗೆ ಹಿಡಿದು, "ಮಾಶಾಲ್ಲಾ, ಇದು ಏನು?" ಎಂದರು. "ಆಟದ್ದು. ಹಣ ಇಲ್ಲ, ಸೋತವ ಪಾತ್ರೆ ತೊಳೆಯಬೇಕು" ಎಂದೆ. ಬಹಳ ಹೊತ್ತು ನಕ್ಕರು. ತಮ್ಮ ಅಣ್ಣತಮ್ಮಂದಿರಿಗೂ ಒಂದು ಸೆಟ್ ಬೇಕಂತೆ. ಸಹಿ ಹಾಕಿದರು. ಚಹಾ ಕುಡಿದರು.

ನಾನಿಲ್ಲಿ ಇರುತ್ತೇನೆ. ಇದನ್ನು ಬರೆದು ಎರಡು ಸಲ ಓದಿದೆ. ಆದರೂ ಅಟ್ಟದ ಸೂಟ್‌ಕೇಸಿನ ಕಡೆ ಕಣ್ಣು ಹೋಯಿತು.

ನವೆಂಬರ್ 24, ಭಾನುವಾರ, ಸಂಜೆ

ಜೋಯ್ಲಿನ್‌ಗೆ ಇವತ್ತು ಹೇಳಿದೆ. ನಾಲ್ಕು ದಿನ ಯಾಕೆ ಹೇಳಲಿಲ್ಲವೋ. ಫೋನ್ ಎತ್ತುವುದು, ಇಡುವುದು.

"ಒಳ್ಳೆಯದಾಯಿತು ಪಪ್ಪಾ" ಅಂದಳು. ಲೈನ್ ಹೋಯಿತೆಂದು ಹಲೋ ಹಲೋ ಎಂದೆ.

"ಇದ್ದೇನೆ. ಒಂದು ಹೇಳಲಾ? ಬೈಯಬಾರದು."

"ಹೇಳು."

"ಮಂಗಳವಾರ ಮಂಗಳವಾರ ಸಂತ ಅಂತೋನಿಗೆ ನೊವೆನಾ ಪ್ರಾರ್ಥನೆ ಮಾಡುತ್ತಿದ್ದೆ. ನಿಮಗೆ ಆ ಆರ್ಡರ್ ಸಿಗಬಾರದು ಅಂತ."

ಇಬ್ಬರೂ ನಕ್ಕೆವು. ಮೊದಲು ಅವಳು, ಆಮೇಲೆ ನಾನು. ನಗುವ ಮಧ್ಯದಲ್ಲೇ ಅವಳ ಸ್ವರ ಬದಲಾಯಿತು.

"ಮಮ್ಮಿಯನ್ನು ಬಿಟ್ಟು ಬನ್ನಿ ಎಂದು ಇನ್ನು ಹೇಳುವುದಿಲ್ಲ ಪಪ್ಪಾ. ಆದರೆ ಫೆಬ್ರವರಿಯಲ್ಲಿ ಕೀತ್ ಇರುವುದಿಲ್ಲ. ನನ್ನನ್ನು ಒಳಗೆ ಕರೆದುಕೊಂಡು ಹೋದ ಮೇಲೆ ಹೊರಗಿನ ಬೆಂಚಿನಲ್ಲಿ ನಮ್ಮವರು ಒಬ್ಬರು ಕೂತಿರಬೇಕು. ಬೇರೆ ಎಂತದೂ ಮಾಡುವುದು ಬೇಡ. ಸುಮ್ಮನೆ ಕೂತರೆ ಸಾಕು."

ನೋಡೋಣ ಎಂದೆ. ನೋಡೋಣ! ಮಗಳು ಬೆಂಚಿನಲ್ಲಿ ಕೂರಲು ಕೇಳಿದರೆ ಹೇಳುವ ಮಾತೇ ಅದು? ಯಾವ ತಿಂಗಳೂ ತಪ್ಪಬಾರದು ಎಂದು ಮಾತು ಕೊಟ್ಟವ ನಾನು, ಬೇರೆ ಎಂತ ಹೇಳುವುದು? ಪ್ರೆಸ್ಸಿನ ಕೆಲಸ ಬಲ್ಲವ ನಾನೊಬ್ಬನೇ.

ಯಾಕೆ ನಾನೊಬ್ಬನೇ? ಡೆನ್ನಿಸ್ ಎಷ್ಟು ಸಲ ಕೇಳಿದ, ಕಲಿಸಿಕೊಡಿ ಬಾಪ್ಪು ಎಂದು. ಅದು ನಾಜೂಕಿನ ಕೆಲಸ, ಕೈ ಸುಡುತ್ತದೆ, ಮಕ್ಕಳಿರುವವ ನೀನು ಎಂದೆಲ್ಲ ಹೇಳಿದೆ. ನಿಜ ಅದಲ್ಲ. ಅವನು ಕಲಿತರೆ ನಾನಿಲ್ಲದೆಯೂ ಶಾಪ್ ನಡೆಯುತ್ತದೆ. ನಾನಿಲ್ಲದೆ ನಡೆದರೆ, ನಾನಿಲ್ಲಿ ಇರಲೇಬೇಕು ಎನ್ನಲು ನೆಪ ಎಲ್ಲಿ? ಪೆಟ್ರೊನಿಲ್ಲಾ ಕೇಳುವವಳಲ್ಲ, ಜೋಯ್ಲಿನ್ ಕೇಳುತ್ತಾಳೆ. ನಾನೂ ಕೇಳಿಕೊಳ್ಳಬೇಕಾಗುತ್ತದೆ.

ಈಗ ಮೆಟ್ಟಿಲಿನಲ್ಲಿ ಅವನ ಬೂಟಿನ ಸದ್ದು. ಹಿದ್‌ನಿಂದ ಬಂದ. ಕೂಗಿ ಹೇಳಿದೆ, "ಡೆನ್ನಿಸ್, ಚಹಾ ಕುಡಿದು ಕೆಳಗೆ ಬಾ. ಪ್ರೆಸ್ ಕಲಿಸುತ್ತೇನೆ."

ಸದ್ದು ನಿಂತಿತು. "ಹುಷಾರಿದ್ದೀರಾ ಬಾಪ್ಪು?"

"ಇದ್ದೇನೆ ಮಾರಾಯ. ಬಾ."

ಬರುತ್ತಾನಂತೆ. ಬಟ್ಟೆ ಬದಲಿಸಿ. ಅಷ್ಟರಲ್ಲಿ ಇದನ್ನು ಬರೆದು ಮುಗಿಸಬೇಕು. ಫೆಬ್ರವರಿಗೆ ಹೋಗುವುದಾದರೆ ಒಂದು ತಿಂಗಳು ಮಾತ್ರ. ಎಳೆ ಮಗುವನ್ನು ಬಿಟ್ಟು ತಿಂಗಳಿಗೇ ಬರಲು ಆಗುತ್ತದಾ? ಎರಡು ಎಂದಿಟ್ಟುಕೊಂಡರೂ ಈಸ್ಟರಿನ ಮೊದಲು ಇಲ್ಲಿ. ಆ ಶುಕ್ರವಾರಗಳಲ್ಲಿ ಅವಳ ಹತ್ತಿರ ಯಾರು… ಡೆನ್ನಿಸನನ್ನೇ ಕೇಳಬೇಕು, ಅವನು ಇಲ್ಲ ಎನ್ನುವುದಿಲ್ಲ, ಆದರೆ ಗಾಳಿಗೆ ಅಡ್ಡ ನಿಲ್ಲಬೇಕು ಎಂದು ಅವನಿಗೆ ಹೇಳಿ… ಅರೆ, ಬರೆದ ಗೆರೆಯ ಮೇಲೆಯೇ ಬರೆಯುತ್ತಾ ಇದ್ದೇನೆ. ಬೆಳಕು ಹೋಗ್ತಾ ಉಂಟು. ಲೈಟ್ ಹಾಕಿ… ಬಂದ, ಡೆನ್ನಿಸ್.